ಗಂಟು ಇಡಲೊಂದು ಕೋಣೆ: ಹುಬ್ಬಳ್ಳಿಯ ಚರ್ಚೊಂದರ ಸೇವೆ

ಹುಬ್ಬಳ್ಳಿಯಲ್ಲಿ ಹಸಿದವರಿಗೆ ಸಿದ್ಧಾರೂಢ ಮಠದ ದಾಸೋಹವಿದೆ, ಕೈಯಲ್ಲಿ 10 ರೂಪಾಯಿ ಇದ್ದರೆ ಇಂದಿರಾ ಕ್ಯಾಂಟೀನಿನ ಊಟವಿದೆ. ಹೀಗಾಗಿ ರೈಲು ನಿಲ್ದಾಣದ ಸಮೀಪದ ಚರ್ಚೊಂದರ ಸಭೆಯವರು ಮನೆಯಿಲ್ಲದವರಿಗಾಗಿ ಸೇವೆ ನಡೆಸುತ್ತಿದ್ದಾರೆಂದು ಕೇಳಿದಾಗ, ಅದೂ ಒಂದು ಅನ್ನದಾನವೇ ಇರಬೇಕೆಂದು ಭಾವಿಸಿದ್ದೆ. ಮೂರು ಶನಿವಾರ ಅಲ್ಲಿ ಕುಳಿತು ನೋಡಿದ ಮೇಲೆ ಆ ಭಾವನೆ ಬದಲಾಯಿತು. ಅಲ್ಲಿರುವುದು ವಾರಕ್ಕೆರಡು ಸಲ ಬಿಸಿನೀರಿನ ಸ್ನಾನ ಮತ್ತು ಕ್ಷೌರ, ಕಾಲಿನ ಗಾಯಗಳಿಗೆ ಪಟ್ಟಿ, ಹಾಗೂ ಭಾನುವಾರ ಬಿಟ್ಟು ಪ್ರತಿದಿನ ಗಂಟುಮೂಟೆ ಇಡಲು ಬೀಗವಿರುವ ಒಂದು ಕೋಣೆ.

ನನ್ನ ಅಭಿಪ್ರಾಯದಲ್ಲಿ ಈ ಕೋಣೆಯೇ ಎಲ್ಲಕ್ಕಿಂತ ದೊಡ್ಡ ಉಪಕಾರ. ಅಂಗಡಿಯ ಕಟ್ಟೆಯ ಮೇಲೆ ಮಲಗುವವನ ಕಂಬಳಿ, ಇನ್ನೊಂದು ಜೊತೆ ಬಟ್ಟೆ, ಆಧಾರ್ ಕಾರ್ಡು, ಆಸ್ಪತ್ರೆಯ ಚೀಟಿಗಳು ಎಲ್ಲವೂ ಒಂದೇ ಗಂಟಿನಲ್ಲಿರುತ್ತವೆ. ಅದನ್ನು ಬಿಟ್ಟುಹೋದರೆ ಸಂಜೆಗೆ ಅದು ಅಲ್ಲಿರುವುದಿಲ್ಲ, ಹೊತ್ತುಕೊಂಡೇ ಹೋದರೆ ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಹಿರಿಯರೊಬ್ಬರು ಗಂಟನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಾಗ, ಒಳಗಿದ್ದ ಹುಡುಗ "ಕಾಕಾರ, ಇದರಾಗ ಏನೈತಿ ಅಂತ ನಾವು ಕೇಳೂದಿಲ್ರಿ, ಬಿಲ್ಲೆ ಅಷ್ಟ ಜ್ವಾಕಿ ಮಾಡ್ರಿ" ಎಂದು ನಂಬರು ಕೊರೆದ ತಗಡಿನ ಬಿಲ್ಲೆಯೊಂದನ್ನು ಕೈಗಿತ್ತ. ಅದೇ ನಂಬರಿನ ಇನ್ನೊಂದು ಬಿಲ್ಲೆಯನ್ನು ಗಂಟಿಗೆ ಕಟ್ಟುವವರೆಗೂ ನೋಡುತ್ತ ನಿಂತ ಆ ಹಿರಿಯರು, ತಮ್ಮದನ್ನು ಉಡದಾರಕ್ಕೆ ಪೋಣಿಸಿಕೊಂಡು ಹೊರಟರು.

ಸ್ನಾನದ ವ್ಯವಸ್ಥೆಯಲ್ಲೂ ಇದೇ ಗೌರವವಿದೆ. ಸಾಬೂನನ್ನು ತುಂಡರಿಸದೆ ಇಡಿಯಾಗಿ ಕೊಡುತ್ತಾರೆ. ಸಭೆಯ ಹೆಣ್ಣುಮಕ್ಕಳು ಒಗೆದು ಇಸ್ತ್ರಿ ಮಾಡಿ ತಂದ ಬಟ್ಟೆಗಳು ಮೇಜಿನ ಮೇಲಿರುತ್ತವೆ, ಬಂದವರು ತಮಗೆ ಬೇಕಾದ ಅಂಗಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಪ್ರಾರ್ಥನೆಗೆ ಕೂರಬೇಕೆಂಬ ಷರತ್ತಾಗಲಿ, ಜಾತಿಧರ್ಮದ ವಿಚಾರಣೆಯಾಗಲಿ ಇದೆಯೇ ಎಂದು ನಾನು ವಿಶೇಷವಾಗಿ ಗಮನಿಸಿದೆ, ಎರಡೂ ಕಾಣಲಿಲ್ಲ.

ಕೊರತೆಗಳನ್ನೂ ಹೇಳಲೇಬೇಕು. ಹೆಂಗಸರಿಗೆ ಇರುವುದು ಒಂದೇ ಬಚ್ಚಲು, ಅದಕ್ಕೂ ಗಂಡಸರ ಸಾಲನ್ನು ದಾಟಿಯೇ ಹೋಗಬೇಕು. ಇಬ್ಬರು ಗೇಟಿನವರೆಗೆ ಬಂದು ಹಿಂದಿರುಗಿದ್ದನ್ನು ಕಣ್ಣಾರೆ ಕಂಡೆ. ಒಂದು ಪರದೆ, ಇನ್ನೊಂದು ಬಾಗಿಲು ಇದ್ದರೆ ಇದು ಸರಿಹೋದೀತು. ಎರಡನೆಯದು, ಕೋಣೆಗೆ ಸಂಜೆ ಆರಕ್ಕೇ ಬೀಗ ಬೀಳುತ್ತದೆ. ಲಾರಿ ಖಾಲಿ ಮಾಡಿ ಏಳಕ್ಕೆ ಬಂದವನ ಕಂಬಳಿ ಒಳಗೇ ಉಳಿದರೆ, ಆ ರಾತ್ರಿಯ ಚಳಿಯನ್ನು ಅವನು ಬರಿಮೈಯಲ್ಲೇ ಕಳೆಯಬೇಕಾಗುತ್ತದೆ.

ಮಲಗಲು ಇಲ್ಲಿ ಜಾಗವಿಲ್ಲ, ಅದನ್ನು ಒಂದು ಸಭೆಯಿಂದ ನಿರೀಕ್ಷಿಸುವುದೂ ನ್ಯಾಯವಲ್ಲ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯವಿರಬೇಕೆಂಬುದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಾಗಿತ್ತು; 2011ರ ಜನಗಣತಿಯ 9.43 ಲಕ್ಷವನ್ನೇ ಹಿಡಿದರೂ ಹುಬ್ಬಳ್ಳಿ-ಧಾರವಾಡಕ್ಕೆ 900ಕ್ಕೂ ಹೆಚ್ಚು ಜನರಿಗೆ ಜಾಗ ಬೇಕು. ಆ ಹೊಣೆ ಮಹಾನಗರ ಪಾಲಿಕೆಯದ್ದು.

ನೆರವಾಗಲು ಬಯಸುವವರು ಹಳೆಯ ಸೀರೆಗಳನ್ನು ಒಯ್ಯಬೇಕಾಗಿಲ್ಲ, ಅವು ಅಲ್ಲಿ ರಾಶಿಯಾಗಿ ಬಿದ್ದಿವೆ. ಬೇಕಾಗಿರುವುದು ಗಂಡಸರ ಚಪ್ಪಲಿ, ಹೊಸ ಒಳಉಡುಪು, ಮತ್ತು ಸಂಜೆ ಆರರಿಂದ ಎಂಟರವರೆಗೆ ಆ ಕೋಣೆಯ ಬೀಗದ ಕೈ ಹಿಡಿದು ಕೂರಬಲ್ಲ ಇಬ್ಬರು.