ಮನೆಯಲ್ಲೇ ಮಾಡಿದ ಶಿಶ್ನ ಪಂಪು: ಎರಡು ವರ್ಷ ಬಳಸಿದ ಮೇಲೆ ಸೀಲಿನ ಲೆಕ್ಕ

ಶಿಶ್ನದ ಮೇಲೆ ಕೊಳವೆ ಇಟ್ಟು, ಕೈಪಂಪಿನಿಂದ ಒಳಗಿನ ಗಾಳಿ ಎಳೆದು ರಕ್ತ ತುಂಬಿಸುವುದೇ ಈ ಪಂಪು. ಕೊಳವೆ, ಕೈಪಂಪಿನ ಬಗ್ಗೆ ಎಲ್ಲರಿಗೂ ಗೊತ್ತಿದೆ, ಬಿಡಿ. ಕೊಳವೆಯ ಮೈಗೆ ತಾಗುವ ಬಾಯಿಯ ಸೀಲು ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಗಾಳಿ ಸೋರುತ್ತಿದ್ದರೆ ಕೈ ತಾನಾಗಿ ಇನ್ನಷ್ಟು ಒತ್ತುತ್ತದೆ. ಸೋರಿಕೆ ಒಮ್ಮೆಲೇ ನಿಂತಾಗ ಆ ಎಳೆತವೆಲ್ಲ ಚರ್ಮದ ಮೇಲೆ ಬಿದ್ದು ಕೆಂಪು ಚುಕ್ಕೆ, ಹೆಪ್ಪುಗಟ್ಟಿದ ಕಲೆ ಏಳುತ್ತವೆ.

ಮೊದಲು ಕೊಳವೆಯ ಅಂಚು. ಗರಗಸ ಆಡಿಸಿದ ಅಕ್ರಿಲಿಕ್ ಚರ್ಮ ಕೊಯ್ಯುವಷ್ಟು ಹರಿತ. 220ರ ಪಾಲಿಶ್ ಪೇಪರಿನಿಂದ ಅಂಚು ದುಂಡಗೆ ಮಾಡಿ, ಆಮೇಲೆ 400, 800ರಲ್ಲಿ ನೀರು ಹಚ್ಚಿ ತಿಕ್ಕಬೇಕು. ಉಗುರು ಆಡಿಸಿದರೆ ಎಲ್ಲೂ ಸಿಕ್ಕಬಾರದು.

ಇನ್ನು ಸೀಲು. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಸೈಕಲ್ ಟ್ಯೂಬು ಮೊದಲ ದಿನವೇ ಮನಸ್ಸು ಗೆಲ್ಲುತ್ತದೆ. ಅಗಲ ಟೈರಿನ ಟ್ಯೂಬೇ ಬೇಕು, ತ್ಯಾಪೆ ಇಲ್ಲದ ಕಡೆ 8 ಸೆಂ.ಮೀ. ಕತ್ತರಿಸಿ. 5 ಸೆಂ.ಮೀ. ಕೊಳವೆಯ ಹೊರಗೆ ಬಿಗಿಯಾಗಿ ಏರಿಸಿ, ಉಳಿದ 3 ಸೆಂ.ಮೀ. ಒಳಕ್ಕೆ ಮಡಚಿದರೆ ದುಂಡನೆಯ, ಮೆತ್ತನೆಯ ತುಟಿ ಸಿದ್ಧ. ಟ್ಯೂಬಿನೊಳಗಿನ ಪುಡಿ ಹೋಗುವಂತೆ ಎರಡು ಸಲ ಸೋಪು ಹಾಕಿ ತೊಳೆಯಬೇಕು. ಕುಕ್ಕರ್ ಗ್ಯಾಸ್ಕೆಟ್ ತುಂಡು ಮಾಡಿ ಅಂಟಿಸಿದರೆ ಅಂಟಿಸಿದ ಕಡೆಯೇ ಸೋರುತ್ತದೆ. ಸ್ಪಂಜಿನೊಳಗೆ ಗಾಳಿ ಹಾಯುತ್ತದೆ. ಬಾತ್‌ರೂಮಿಗೆ ಹಚ್ಚುವ ಸಿಲಿಕೋನಿನಲ್ಲಿ ಬೂಷ್ಟು ಕೊಲ್ಲುವ ಔಷಧ ಇರುತ್ತದೆ, ಅದು ಚರ್ಮಕ್ಕೆ ಬೇಡವೇ ಬೇಡ.

ಪಂಪು ಹಚ್ಚುವ ಕ್ರಮ ನಿಧಾನದ್ದು, ಅದರಲ್ಲೇ ಅರ್ಧ ಸುಖ ಇದೆ. ಸೀಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ಅದ್ದಿಡಿ, ಮೆತ್ತಗಾಗುತ್ತದೆ. ಬುಡದ ಸುತ್ತಲಿನ ಕೂದಲು ಮಶೀನಿನಿಂದ ಗಿಡ್ಡ ಮಾಡಿರಬೇಕು. ಹೊಸದಾಗಿ ಬ್ಲೇಡ್ ಆಡಿಸಿದ ಚರ್ಮ ಉರಿಯುತ್ತದೆ. ನೀರಿನಂಶದ ಜೆಲ್ ಅರ್ಧ ಚಮಚ ತುಟಿಗೂ ಮೈಗೂ ಹಚ್ಚಿ. ಕುರ್ಚಿಯ ತುದಿಗೆ ಕೂತು, ಒಂದು ಕೈಯಿಂದ ವೃಷಣಚೀಲ ಕೆಳಗೆಳೆದು ಹಿಡಿದು ಮೊದಲ ಎರಡು ಎಳೆತ ಹಾಕಿ. ಸೋರಿಕೆ ಹೆಚ್ಚಾಗಿ ಕೆಳಮಗ್ಗುಲಲ್ಲೇ, ಸಡಿಲ ಚರ್ಮ ಒಳಗೆ ಸಿಕ್ಕು ಚಿವುಟುವುದೂ ಅಲ್ಲೇ.

ಆದರೆ ಟ್ಯೂಬಿನ ಮೇಲಿನ ಪ್ರೀತಿ ಬಾಳುವುದಿಲ್ಲ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ರಬ್ಬರ್ ಅಂಟಂಟಾಗಿ ಚರ್ಮದ ಮೇಲೆ ಕಪ್ಪು ಕಲೆ ಉಳಿಸುತ್ತದೆ, ತುಟಿ ಹಿಗ್ಗಿ ಮಡಿಕೆ ಬಿಡುತ್ತದೆ. ವ್ಯಾಸಲೀನ್ ಹಚ್ಚಿದರಂತೂ ಇನ್ನೂ ಬೇಗ ಹಾಳು. ರಬ್ಬರ್ ಆಗಿಬಾರದವರಿಗೆ ಮೈ ತುರಿಸಿ ದದ್ದು ಬರುತ್ತದೆ. ಈ ಒಂದು ಭಾಗಕ್ಕೆ ಕೈ ಬಿಗಿ ಹಿಡಿಯದೆ ಕೊಳವೆಯ ಬಾಯಿಗೆ ಏರಿಸುವ ರೆಡಿಮೇಡ್ ಸಿಲಿಕೋನ್ ಸ್ಲೀವ್ ಕೊಳ್ಳುವುದೇ ಛಲೋ. ಅದಕ್ಕೆ ಸಿಲಿಕೋನ್ ಜೆಲ್ ಹಚ್ಚಬಾರದು, ಉಬ್ಬಿ ಕೆಡುತ್ತದೆ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಕೆಟ್ಟ ಸೀಲು ಸೋರಿ ಸೋರಿ ತಾನೇ ಲಗಾಮಿನ ಕೆಲಸ ಮಾಡುತ್ತಿರುತ್ತದೆ. ಒಳ್ಳೆಯ ಸೀಲು ಕೂತ ಕೂಡಲೇ ಆ ಲಗಾಮು ಹೋಯಿತು. ಗ್ಯಾರೇಜಿನವರು ಬ್ರೇಕ್ ಗಾಳಿ ತೆಗೆಯಲು ಬಳಸುವ ಕೈಪಂಪು 25 ಇಂಚು ಪಾದರಸದಷ್ಟು (ಗಾಳಿಯ ಎಳೆತ ಅಳೆಯುವ ಲೆಕ್ಕ ಇದು) ಎಳೆಯಬಲ್ಲದು. ವೈದ್ಯಕೀಯ ಶಿಶ್ನ ಪಂಪುಗಳಿಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇಟ್ಟ ಮಿತಿಯೇ 17. ಮನೆಯ ಪಂಪಿಗೆ 3ರಿಂದ 5 ಇಂಚು, ಒಂದು ಸಲಕ್ಕೆ 10 ನಿಮಿಷ ಸಾಕು. ಮೀಟರು ಮತ್ತು ಗಾಳಿ ತಟ್ಟನೆ ಬಿಡುವ ವಾಲ್ವ್ ಇಲ್ಲದ ಪಂಪನ್ನು ಮುಟ್ಟಲೇಬಾರದು. ನಿಮಿರಿಕೆ ಉಳಿಯಲೆಂದು ಬುಡಕ್ಕೆ ರಿಂಗ್ ಹಾಕುವವರು 30 ನಿಮಿಷದೊಳಗೆ ತೆಗೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು ಮೊದಲು ಮೂತ್ರರೋಗ ತಜ್ಞರನ್ನು ಕಾಣಬೇಕು. ನೋವು, ಮರಗಟ್ಟುವಿಕೆ, ತಣ್ಣಗಾಗುವುದು ಯಾವುದೇ ಆದರೂ ವಾಲ್ವ್ ಬಿಡಿ, ಅಂದಿಗೆ ಅಷ್ಟೇ.

ಹೊಸ ಸೀಲನ್ನು ಮೊದಲು ತೊಡೆಯ ಮೇಲೆ ಜೆಲ್ ಹಚ್ಚಿ ಒತ್ತಿ, 3 ಇಂಚಿಗೆ ಎಳೆದು ಒಂದು ನಿಮಿಷ ಮೀಟರಿನ ಮುಳ್ಳು ನೋಡಿ. ಇಳಿದರೆ ಪೈಪಿನ ಕೂಡಿಕೆಗಳಿಗೆ ಒಂದೊಂದಾಗಿ ಜೆಲ್ ಸವರಿ; ಎಲ್ಲಿ ಸವರಿದಾಗ ಮುಳ್ಳು ನಿಲ್ಲುತ್ತದೋ ಸೋರಿಕೆ ಅಲ್ಲಿದೆ. ನಳ ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲೂ ತೊಳೆಯಲು ಎರಡು ತಂಬಿಗೆ ನೀರು ಸಾಕು. ಸೀಲನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ.