ಹೆರಿಗೆ ನೋವಿಗೆ ಟೆನ್ಸ್, ಬಿಸಿನೀರು, ಬಾಲ್, ಕೈ: ನನಗೆ ಕೆಲಸಕ್ಕೆ ಬಂದದ್ದು ಯಾವುದು?

ನನ್ನ ಎರಡನೇ ಹೆರಿಗೆಯಲ್ಲಿ ನೋವು ಹೊಟ್ಟೆಗಿಂತ ಸೊಂಟದಲ್ಲೇ ಜಾಸ್ತಿ ಇತ್ತು. ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆ ತಿರುಗಿದ್ದರೆ ಹೀಗಾಗುವುದುಂಟು ಅಂದರು ಡಾಕ್ಟರು. ಆದ್ದರಿಂದ ಕೆಳಗೆ ಬರೆದಿರುವುದನ್ನು ಸೊಂಟನೋವಿನವಳ ಮಾತು ಅಂತಲೇ ಓದಿಕೊಳ್ಳಿ. ನೋವು ಮುಂದೆ ಬರುವವರಿಗೆ ಲೆಕ್ಕ ಬೇರೆ ಆಗಬಹುದು.

ಮೊದಲು ಟೆನ್ಸ್ ಯಂತ್ರ. ಫಿಸಿಯೋಥೆರಪಿ ಮಾಡುವವರ ಹತ್ತಿರ ಇರುತ್ತದಲ್ಲ, ಅಂಗೈ ಅಗಲದ ಡಬ್ಬಿ, ವೈರು, ಅಂಟಿಸುವ ಪ್ಯಾಡು. ಎರಡು ಪ್ಯಾಡ್ ಬ್ರಾ ಪಟ್ಟಿಯ ಹತ್ತಿರ ಬೆನ್ನಿಗೆ, ಎರಡು ಸೊಂಟದ ಕೆಳಗೆ. ಸಣ್ಣ ಕರೆಂಟು ಜುಮುಜುಮು ಅನ್ನುತ್ತದೆ. ಆ ಜುಮುಜುಮು ನೋವಿನ ಸುದ್ದಿ ಮೆದುಳಿಗೆ ಹೋಗದಂತೆ ತಡೆಯುತ್ತದೆ ಅನ್ನುವುದು ಇದರ ಹಿಂದಿನ ವಾದ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ಸಂಶೋಧಕರು ಹೇಳಿದ ‘ಗೇಟ್’ ಸಿದ್ಧಾಂತ ಇದೇ. ಮನೆಯಲ್ಲಿ, ನೋವು ಬಿಟ್ಟು ಬಿಟ್ಟು ಬರುತ್ತಿದ್ದಾಗ ಹಾಯೆನಿಸಿತು. ಆಸ್ಪತ್ರೆ ಸೇರುವ ಹೊತ್ತಿಗೆ ಎಷ್ಟು ಏರಿಸಿದರೂ ಅದು ಇದ್ದೂ ಇಲ್ಲದಂತೆ. ಕಿತ್ತು ಬ್ಯಾಗಿಗೆ ಹಾಕಿದೆ. ಪೇಸ್‌ಮೇಕರ್ ಇರುವವರು ಇದನ್ನು ಹಾಕಬಾರದು. ನೀರಿಗಿಳಿಯುವಾಗ ಯಾರೇ ಆದರೂ ತೆಗೆದಿಡಬೇಕು.

ಬಿಸಿನೀರು ಇದಕ್ಕಿಂತ ಎಷ್ಟೋ ಮೇಲು. ಬಚ್ಚಲಲ್ಲಿ ಸ್ಟೂಲ್ ಹಾಕಿ, ಗೋಡೆಗೆ ಮುಖಮಾಡಿ ಕೂತು, ಸೊಂಟದ ಮೇಲೆ ನೀರು ಬಿಟ್ಟುಕೊಂಡೆ. ಎರಡು ನೋವಿನ ನಡುವೆ ತೂಕಡಿಕೆಯೇ ಬಂತು. ಅಡಚಣೆ ಏನೆಂದರೆ, ಇದು ಮನೆಯಲ್ಲಷ್ಟೇ ಸುಲಭ. ಲೇಬರ್ ವಾರ್ಡಿನಲ್ಲಿ ಶವರ್ ಎಲ್ಲಿ ಬರಬೇಕು? ಅಲ್ಲಿ ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಇಟ್ಟುಕೊಂಡೆ. ಅರ್ಧ ಸುಖ. ಟವೆಲ್ ಮಾತ್ರ ಮರೆಯಬೇಡಿ, ಆ ಹೊತ್ತಲ್ಲಿ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಬಾಲ್, ಅಂದರೆ ಗಾಳಿ ತುಂಬಿದ ದೊಡ್ಡ ವ್ಯಾಯಾಮದ ಚೆಂಡು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂತಾಗ ಮಂಡಿಗಿಂತ ಸೊಂಟ ತುಸು ಮೇಲಿರುವಷ್ಟು ದೊಡ್ಡದಿರಲಿ. ಕೂರುವುದಕ್ಕಿಂತ, ಮಂಡಿಯೂರಿ ಅದನ್ನು ತಬ್ಬಿಕೊಂಡು ಬಾಗುವುದು ನನಗೆ ಹಿಡಿಸಿತು. ಬಾಲ್ ಇಲ್ಲದವರು ಮಂಚದ ಕಂಬಿ ಹಿಡಿದು ಬಾಗಿದರೂ ನಡೆಯುತ್ತದೆ. ಅಂಗಾತ ಮಲಗುವುದೊಂದು ಬೇಡ. ಎದ್ದು ಓಡಾಡಿಕೊಂಡಿರುವವರಿಗೆ ಹೆರಿಗೆಯ ಮೊದಲ ಹಂತ (ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನದು) ಸರಾಸರಿ ಒಂದು ಗಂಟೆಗೂ ಜಾಸ್ತಿ ಬೇಗ ಮುಗಿಯುತ್ತದೆ ಅಂತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಉಸಿರಾಟ? ಕ್ಲಾಸಿನಲ್ಲಿ ಕಲಿಸಿದ ಹಾ-ಹಾ-ಹೂ ಜೋರಾಗಿ ಮಾಡಿದ್ದಕ್ಕೆ ಬೆರಳ ತುದಿಯೆಲ್ಲ ಜೋಮು ಹಿಡಿಯಿತು. ನಿಧಾನವಾಗಿ ಉದ್ದಕ್ಕೆ ಉಸಿರು ಬಿಡುವುದೊಂದೇ ಉಳಿಯಿತು. ಅದರಿಂದ ನೋವೇನೂ ಇಳಿಯಲಿಲ್ಲ, ಗಾಬರಿ ಇಳಿಯಿತು.

ಇವೆಲ್ಲವನ್ನೂ ಮೀರಿಸಿದ್ದು ಕೈ. ಚಿಕ್ಕಮ್ಮ ಮೊದಲು ಎಣ್ಣೆ ಹಚ್ಚಿ ಉಜ್ಜತೊಡಗಿದರು. “ಉಜ್ಜಬೇಡಿ ಚಿಕ್ಕಮ್ಮ, ಒತ್ತಿ” ಅಂದೆ. “ಇಷ್ಟು ಸಾಕೇನೇ?” “ಇನ್ನೂ ಜೋರಾಗಿ.” ಅಂಗೈ ಬುಡವನ್ನು ಸೊಂಟದ ಕೆಳಗಿನ ಆ ಚಪ್ಪಟೆ ಮೂಳೆಯ ಮೇಲಿಟ್ಟು, ತೋಳು ನೆಟ್ಟಗೆ ಮಾಡಿ, ಮೈಭಾರವನ್ನೆಲ್ಲ ಹಾಕಿದರು. ಕಿಟಕಿಗೆ ಆನಿಕೊಂಡಿದ್ದ ನಾನು ಮುಂದಕ್ಕೆ ಹೋಗುವಷ್ಟು ಜೋರು. ನೋವು ಶುರುವಾಗುವ ಮುಂಚೆಯೇ ಒತ್ತಿ ಹಿಡಿದರೆ ಅರ್ಧಕ್ಕರ್ಧ ಇಳಿಯುತ್ತಿತ್ತು. ಒಂದು ಕ್ಷಣ ತಡವಾದರೂ ಉಪಯೋಗವಿಲ್ಲ. ಎಣ್ಣೆ ಒರೆಸಿಕೊಳ್ಳಿ, ಕೈ ಜಾರುತ್ತದೆ. ಒತ್ತುವವರಿಗೂ ಸುಸ್ತಾಗುತ್ತದೆ, ಪಾಪ. ಚಿಕ್ಕಮ್ಮನಿಗೆ ಮೂರು ದಿನ ಭುಜ ಎತ್ತಲಾಗಲಿಲ್ಲ.

ಈ ಕೈ ಬೇಕೆಂದರೆ ಮನುಷ್ಯರು ಒಳಗಿರಬೇಕು. ತಾಯಿ ಬಯಸಿದವರೊಬ್ಬರು ಜೊತೆಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೂ ಹೆರಿಗೆ ಕೋಣೆಗಳನ್ನು ಸುಧಾರಿಸುವ 2017ರ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಈ ಮಾತಿದೆ. ಆದರೂ ನನ್ನ ಮೊದಲ ಹೆರಿಗೆಯಲ್ಲಿ ಎಲ್ಲರನ್ನೂ ಹೊರಗೆ ಕಳಿಸಿದ್ದರು. ಏಳು ತಿಂಗಳಲ್ಲೇ ಕೇಳಿಟ್ಟುಕೊಳ್ಳಿ: ಯಾರನ್ನು ಬಿಡುತ್ತೀರಿ, ಗಂಡನನ್ನು ಬಿಡುತ್ತೀರಾ, ಎದ್ದು ಓಡಾಡಬಹುದಾ?

ಇನ್ನೊಂದು ಮಾತು. ಡ್ರಿಪ್ ಹಾಕಿ ನೋವು ಬರಿಸಿದರೆ ನೋವು ಒಂದರ ಮೇಲೊಂದು ಬರುತ್ತದೆ, ಮಗುವಿನ ಎದೆಬಡಿತ ನೋಡುವ ಬೆಲ್ಟ್ ಹೊಟ್ಟೆಗೆ ಕಟ್ಟಿರುತ್ತಾರೆ, ಬಚ್ಚಲೂ ಇಲ್ಲ, ಓಡಾಟವೂ ಇಲ್ಲ. ನನ್ನ ಮೊದಲನೆಯದು ಹಾಗಿತ್ತು. ಅಂಥ ಕಡೆ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ಕೇಳುವುದಕ್ಕೆ ಸಂಕೋಚ ಯಾಕೆ? ನಾನು ಕೇಳಿ ತಗೊಂಡಿದ್ದೆ.