ಗುಜರಿಗೆ ಹೋದ ಕಾರಿಗೆ ಇನ್ನೂ ಫೈನ್ ಬರುತ್ತಿದೆ

ಹಳೇ ಕಾರನ್ನು ಗುಜರಿಗೆ ಹಾಕುತ್ತೇವೆ, ಕಾಗದಪತ್ರ ಎಲ್ಲ ನಾವೇ ನೋಡ್ಕೋತೀವಿ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ದಯವಿಟ್ಟು ಕೀ ಕೊಡಬೇಡಿ. ಮೈಸೂರಿನ ನಮ್ಮ ಮನೆಗೆ ಹಾಗೆ ಬಂದ ಒಬ್ಬ ಬ್ರೋಕರ್ ದೆಸೆಯಿಂದ ನಮ್ಮಪ್ಪ ಈ ವಯಸ್ಸಿನಲ್ಲಿ ಪೊಲೀಸ್ ಸ್ಟೇಷನ್, ವಕೀಲರ ಆಫೀಸು ಅಂತ ಅಲೆಯುತ್ತಿದ್ದಾರೆ. ಅವನ ಹೆಸರು, ಅಂಗಡಿ ಯಾವುದು ಅಂತ ಇಲ್ಲಿ ಹಾಕುವುದಿಲ್ಲ, ಕೇಸು ನಡೀತಿದೆ. ಇಂಥವರು ಎಲ್ಲ ಊರಲ್ಲೂ ಇದ್ದಾರೆ ಬಿಡಿ.

ಕಾರು 2008ರ ಸ್ಯಾಂಟ್ರೋ. 2023ಕ್ಕೆ 15 ವರ್ಷ ತುಂಬಿ ಆರ್‌ಸಿ ಅವಧಿ ಮುಗಿಯಿತು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬ್ರೋಕರ್‌ಗಳು ಹೆದರಿಸುವುದೇ ಇಲ್ಲಿ. 15 ವರ್ಷ ಆಯಿತು ಅಂದ ಮಾತ್ರಕ್ಕೆ ಕರ್ನಾಟಕದಲ್ಲಿ ನಿಮ್ಮ ಸ್ವಂತ ಕಾರನ್ನು ಗುಜರಿಗೆ ಹಾಕಲೇಬೇಕು ಅಂತೇನೂ ಇಲ್ಲ. ಅದು ದೆಹಲಿ ಕಥೆ. ಇಲ್ಲಿ ಗಾಡಿಯನ್ನು ಆರ್‌ಟಿಒಗೆ ತೋರಿಸಿ, ಪಾಸಾದರೆ ಮತ್ತೆ 5 ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬಹುದು. ಶುಲ್ಕ ಮಾತ್ರ ಜಾಸ್ತಿಯಾಗಿದೆ. 2022ರ ಏಪ್ರಿಲ್‌ಗೆ ಮುಂಚೆ ಕಾರಿಗೆ 600 ರೂಪಾಯಿ ಇದ್ದದ್ದು 5,000 ಆಯಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಜೊತೆಗೆ ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ.

ನಿಜವಾದ ಖರ್ಚು ಶುಲ್ಕದ್ದಲ್ಲ, ಪಾಸಾಗುವ ಸ್ಥಿತಿಗೆ ಗಾಡಿ ತರುವುದರದ್ದು. ನಮ್ಮ ಗ್ಯಾರೇಜಿನವರು ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಒತ್ತಿದರು. ತುಕ್ಕು ಹಪ್ಪಳದ ಹಾಗೆ ಮುರಿದು ಬಿತ್ತು, ತೂತಿನಲ್ಲಿ ಗ್ಯಾರೇಜಿನ ನೆಲ ಕಂಡಿತು. "ಇಂಜಿನ್ ಇನ್ನೂ ಗಟ್ಟಿ ಇದೆ ಸ್ವಾಮಿ, ಬಾಡಿನೇ ಹೋಗಿರೋದು" ಅಂದರು. ಫ್ಲೋರ್ ಟಿಂಕರಿಂಗು, ಪೇಂಟು, ಕ್ಲಚ್ಚು, ರೇಡಿಯೇಟರು, ಲೋಯರ್ ಆರ್ಮು, ನಾಲ್ಕು ಟೈರು ಎಲ್ಲ ಸೇರಿ 60 ಸಾವಿರದ ಮೇಲೆ ಅಂತ ಲೆಕ್ಕ ಕೊಟ್ಟರು. ನನ್ನ ಕೇಳಿದರೆ ಕ್ಲಚ್ಚು, ಟೈರಿಗೆ ಹೆದರಿ ಕಾರು ಬಿಡಬಾರದು, ಅವು ಸವೆಯಲಿಕ್ಕೇ ಇರುವ ಸಾಮಾನು. ಆದರೆ ತುಕ್ಕು ಫ್ಲೋರ್‌ಗೋ ಚಾಸಿಗೋ ಇಳಿದಿದ್ದರೆ ರಿಪೇರಿ ಆಸೆ ಬಿಡಿ. ಮುಂದಿನ ಮಳೆಗಾಲಕ್ಕೆ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಮಾರೋಣ ಅಂತ ಆನ್‌ಲೈನ್‌ನಲ್ಲಿ ಹಾಕಿದೆವು. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು, "ಎಫ್‌ಸಿ ಆಗಿದ್ಯಾ ಸಾರ್?" ಅಂದರೆ ಆರ್‌ಟಿಒನಲ್ಲಿ ಪಾಸಾಗಿದೆಯಾ ಅಂತ. ಇಲ್ಲ ಅಂದರೆ ಕಟ್. ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೂ ವಿಚಾರಿಸಿದೆವು. ಅವರದು ತೂಕದ ಲೆಕ್ಕ, 18 ಸಾವಿರ ಅಂದರು. ಅಸಲು ಆರ್‌ಸಿ, ಆಧಾರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ ಬೇಕು, ಹಳೇ ಫೈನ್ ಬಾಕಿ ಇರಬಾರದು, ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ ತೆಗೆಸಿರಬೇಕು ಅಂತ ಪಟ್ಟಿ ಕೊಟ್ಟರು. ಸಾಲ ಯಾವ ಕಾಲಕ್ಕೋ ತೀರಿತ್ತು, ನಮೂದು ಮಾತ್ರ ಹಾಗೇ ಇತ್ತು. ಬ್ಯಾಂಕಿನಿಂದ ಎನ್‌ಒಸಿ ತಂದು ಅದನ್ನು ತೆಗೆಸುವ ಓಡಾಟ ನಡೆದಿದ್ದಾಗಲೇ ಈ ಬ್ರೋಕರ್ ಬಂದದ್ದು.

30 ಸಾವಿರ ಕೊಡ್ತೀನಿ, ಕ್ಯಾಶ್, ಇವತ್ತೇ, ಅಂದ. "ನೀವೇನೂ ತಲೆ ಕೆಡಿಸ್ಕೋಬೇಡಿ ಸಾರ್, ನಾಳೆ ಬೆಳಿಗ್ಗೆ ಕಟಿಂಗ್‌ಗೆ ಹೋಗುತ್ತೆ, ಆರ್‌ಸಿ ಕ್ಯಾನ್ಸಲ್ ಮಾಡಿಸಿ ವಾಟ್ಸಾಪ್‌ನಲ್ಲಿ ಕಳಿಸ್ತೀನಿ." ಫಾರಂ 29, ಫಾರಂ 30 ಖಾಲಿ ಇರುವಾಗಲೇ ಅಪ್ಪನ ಸಹಿ ಹಾಕಿಸಿಕೊಂಡ. ಗುಜರಿಗೆ ಹೋಗುವ ಕಾರಿಗೆ ಮಾಲೀಕತ್ವ ವರ್ಗಾವಣೆಯ ಫಾರಂ ಯಾಕೆ ಅಲ್ವಾ? ಕೇಳಿದ್ದಕ್ಕೆ ಫಾರ್ಮಾಲಿಟಿ ಅಂದ. ಟೋ ಗಾಡಿ ತಂದಿರಲಿಲ್ಲ. ಪಕ್ಕದ ಮನೆಯವರ ಕಾರಿನಿಂದ ಬ್ಯಾಟರಿ ಜಂಪ್ ಕೊಟ್ಟು, ಬಾಟಲಿಯಲ್ಲಿ ಪೆಟ್ರೋಲ್ ತರಿಸಿ ಹಾಕಿ, ಓಡಿಸಿಕೊಂಡೇ ಹೋದ.

ಆಮೇಲೆ ಮೊದಲು ಬಂದದ್ದು ಫಾಸ್ಟ್ಯಾಗ್ ಮೆಸೇಜು. ಗಣಂಗೂರು ಟೋಲ್‌ನಲ್ಲಿ ದುಡ್ಡು ಕಟ್ ಆಗಿತ್ತು. ಫೋನ್ ಮಾಡಿದರೆ "ಹುಡುಗ್ರು ಸ್ಟಿಕರ್ ಕಿತ್ತು ಬೇರೆ ಗಾಡಿಗೆ ಅಂಟಿಸ್ಕೊಂಡಿರ್ತಾರೆ ಸಾರ್" ಅಂದ. ಕೆಲವು ತಿಂಗಳು ಕಳೆದ ಮೇಲೆ ಬೆಂಗಳೂರಿನಿಂದ ಸಿಗ್ನಲ್ ಜಂಪ್ ಫೈನ್ ಬಂತು, ಕ್ಯಾಮೆರಾ ಫೋಟೋ ಸಮೇತ. ಫೋಟೋದಲ್ಲಿ ನಮ್ಮ ಸ್ಯಾಂಟ್ರೋನೇ. ಹಿಂದಿನ ಗಾಜಿನ ಮೇಲೆ ಅಪ್ಪ ಅಂಟಿಸಿದ್ದ "ಶ್ರೀ ನಂಜುಂಡೇಶ್ವರ ಪ್ರಸನ್ನ" ಕೂಡ ಹಾಗೇ ಇದೆ. ಅದರ 'ಶ್ರೀ' ಮೊದಲೇ ಕಿತ್ತುಹೋಗಿತ್ತು, ಫೋಟೋದಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಅವನ ಫೋನ್ ಸ್ವಿಚ್ ಆಫ್.

ಫೈನ್ ಆಗಿದ್ದರೆ ಕಟ್ಟಿ ಸುಮ್ನಿರಬಹುದಿತ್ತು. ಆ ಕಾರು ಒಬ್ಬ ಬೈಕ್ ಸವಾರನಿಗೆ ಗುದ್ದಿದೆ. ಹುಡುಗನ ಕಾಲು ಮುರಿದಿದೆ. ಓಡಿಸುತ್ತಿದ್ದವನು ಕಾರು ಬಿಟ್ಟು ಓಡಿಹೋಗಿದ್ದಾನೆ. ಇನ್ಶೂರೆನ್ಸ್ ಇಲ್ಲ. ಪೊಲೀಸರು ದಾಖಲೆಯಲ್ಲಿ ನೋಡಿದರೆ ಸಿಗುವುದು ಅಪ್ಪನ ಹೆಸರು, ನಮ್ಮ ಮನೆ ವಿಳಾಸ. ಓಡಿಸುತ್ತಿದ್ದವರು ಯಾರು ಅಂತ ತಿಳಿಸಿ ಎಂದು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಕೆಳಗೆ ನೋಟಿಸ್ ಬಂತು. ಹಿಂದೆಯೇ ಆ ಹುಡುಗ ಪರಿಹಾರ ಕೇಳಿದ್ದಕ್ಕೆ ಅಪಘಾತ ಪರಿಹಾರದ ಟ್ರಿಬ್ಯೂನಲ್‌ನಿಂದ ಇನ್ನೊಂದು. ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ, ಅವನು ಇನ್ಯಾರನ್ನು ಕೇಳಬೇಕು?

"ಮಾರಿದ್ದೇವೆ, ಡೆಲಿವರಿ ನೋಟ್ ಇದೆ" (ಗಾಡಿ ಒಪ್ಪಿಸಿದ್ದಕ್ಕೆ ಬರೆಸಿಕೊಳ್ಳುವ ಚೀಟಿ) ಅಂದರೆ ಆಗಲ್ವಾ ಅಂತ ತುಂಬಾ ಜನ ಕೇಳಿದರು. ವಕೀಲರು 2018ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೋರಿಸಿದರು, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣ. ಅದರಲ್ಲಿ ಕಾರು 2007ರಲ್ಲೇ ಮಾರಾಟವಾಗಿತ್ತು. ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಾ ಹೋಗಿ, 2009ರಲ್ಲಿ ಕೊನೆಯವನ ಕೈಯಲ್ಲಿದ್ದಾಗ ಅಪಘಾತ ಆಯಿತು. ಆದರೂ ಪರಿಹಾರದ ಹೊಣೆ ಬಿದ್ದದ್ದು ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದ ಮೊದಲಿನವನ ಮೇಲೆ. ಡೆಲಿವರಿ ನೋಟಿನಿಂದ ಆಮೇಲೆ ನೀವು ಕೊಂಡವನ ಬೆನ್ನು ಹತ್ತಬಹುದು, ಅವನು ಸಿಕ್ಕಿದರೆ. ಗಾಯಗೊಂಡವನಿಗೆ ಅದು ಸಂಬಂಧವಿಲ್ಲದ ಕಾಗದ.

18 ಸಾವಿರದ ಕಾರಿಗೆ ಅವನು 30 ಯಾಕೆ ಕೊಟ್ಟ ಅನ್ನುವುದು ಈಗ ಗೊತ್ತಾಗುತ್ತಿದೆ. ಬಿಡಿಭಾಗ ಬಿಚ್ಚಿ ಮಾರುವವರು ಇಂಜಿನ್, ಗೇರ್‌ಬಾಕ್ಸ್, ಎಸಿ ಕಂಪ್ರೆಸರ್ ಲೆಕ್ಕ ಹಾಕಿ ಕಬ್ಬಿಣಕ್ಕಿಂತ ಜಾಸ್ತಿ ಕೊಡುವುದುಂಟು, ಅದು ಸುಳ್ಳಲ್ಲ. ಆದರೆ ಆರ್‌ಸಿಗೂ ಬೇರೆಯೇ ಬೆಲೆ ಇದೆ. ಕದ್ದ ಗಾಡಿಗೆ ಅದೇ ಮಾಡೆಲಿನ, ಅದೇ ಬಣ್ಣದ ಹಳೇ ಗಾಡಿಯ ನಂಬರು, ಚಾಸಿ ನಂಬರು ಹಾಕಿ ಮಾರುವ ದಂಧೆ ಇದೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರದಲ್ಲಿ ಚಾಸಿ ನಂಬರ್ ಇರುವ ತುಂಡನ್ನೇ ಕತ್ತರಿಸಿ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಅದಕ್ಕೇ.

ಹಾಗಾಗಿ ಗುಜರಿಗೆ ಅಂದರೆ ಆ ಕೇಂದ್ರಕ್ಕೇ ಕೊಡಿ, ಹತ್ತು ಸಾವಿರ ಕಡಿಮೆ ಬಂದರೂ ಬರಲಿ. 2021ರ ನಿಯಮದಂತೆ ಅವರು 'ಸರ್ಟಿಫಿಕೇಟ್ ಆಫ್ ಡೆಪಾಸಿಟ್' ಕೊಡುತ್ತಾರೆ. ಅದನ್ನು ಕೇಳಿ ಪಡೆಯಿರಿ, ಹೊಸ ಕಾರಿನ ನೋಂದಣಿಗೂ ಉಪಯೋಗಕ್ಕೆ ಬರುತ್ತದೆ. ಆರ್‌ಸಿ ರದ್ದಾಗಿದೆಯಾ ಅಂತ ನೀವೇ ನೋಡಿ ಖಾತ್ರಿ ಮಾಡಿಕೊಳ್ಳಿ. ಓಡಿಸುವವರಿಗೆ ಮಾರುವುದಾದರೆ ಫಾರಂಗಳಲ್ಲಿ ಕೊಳ್ಳುವವರ ಹೆಸರು ತುಂಬಿ, ವರ್ಗಾವಣೆ ಅರ್ಜಿ ಸಲ್ಲಿಕೆಯಾದ ಮೇಲೆ ಕೀ ಕೊಡಿ. ಡೀಲರ್ ಆದರೆ ಅವನಿಗೆ ಆರ್‌ಟಿಒ ಅಧಿಕಾರ ಪತ್ರ ಇದೆಯಾ ಕೇಳಿ. 2023ರ ಏಪ್ರಿಲ್‌ನಿಂದ ಅಂಥ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ಆನ್‌ಲೈನ್‌ನಲ್ಲೇ ತಿಳಿಸಬೇಕು, ಆಮೇಲಿನ ಹೊಣೆ ಅವನದು. ಫಾಸ್ಟ್ಯಾಗ್ ಅನ್ನು ನಿಮ್ಮ ಕೈಯಾರೆ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಿ.

ಎಷ್ಟೋ ವರ್ಷದ ಹಿಂದೆ ಹೀಗೆ ಕಾರು ಕೊಟ್ಟು ಮರೆತವರು ಇವತ್ತೇ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಳೇ ನಂಬರ್ ಹಾಕಿ ನೋಡಿ. ದಾಖಲೆ ಇನ್ನೂ ನಿಮ್ಮ ಹೆಸರಲ್ಲೇ ಚಾಲ್ತಿಯಲ್ಲಿದ್ದರೆ ಯಾರಿಗೆ, ಯಾವಾಗ ಕೊಟ್ಟಿರಿ ಅಂತ ಬರೆದು ಆರ್‌ಟಿಒಗೆ, ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಡಿ. ಎರಡಕ್ಕೂ ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ. "ಆಯ್ತು ಸಾರ್, ನೋಡ್ತೀವಿ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ.